ಎರಡು ಹೆಸರಿನ ಹೊಳೆ

ಸುಬ್ರಹ್ಮಣ್ಯಪುರದ ಹತ್ತಿರ ಉತ್ತರಹಳ್ಳಿ ರಸ್ತೆ ಬಿಟ್ಟು ಒಳಗೆ ಇಳಿದು, ಒಂದು ಜಿಮ್, ಎರಡು ದೇವಸ್ಥಾನ, ಮೂರು ಬೇಕರಿ ದಾಟಿದರೆ ಹುಣಸೇಮೇಡು ಸಿಗುತ್ತದೆ. ಹುಣಸೇಮೇಡು ಅನ್ನುವುದು ಹಳಬರ ಮಾತು, ಈಗ ಅಲ್ಲಿ ಯಾವುದೋ ಎನ್‌ಕ್ಲೇವ್ ಎಂದು ಬೋರ್ಡಿದೆ. ಅಲ್ಲಿ ಚಿಕ್ಕಬೈರಪ್ಪನವರ ಕಟ್ಟಡದ ಎರಡನೇ ಮಹಡಿಯಲ್ಲಿ ನಾನು ಒಂಬತ್ತು ವರ್ಷ ಬಾಡಿಗೆಗಿದ್ದೆ. ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ನದಿಗಳ ಪಾಠ ವರ್ಷಕ್ಕೊಂದು ಸಲ ಬರುತ್ತದೆ. ಹುಟ್ಟುವುದೆಲ್ಲಿ, ಉಪನದಿಗಳು ಯಾವುವು, ಸೇರುವುದೆಲ್ಲಿ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಮಾಡಿಸಿ ನನ್ನ ಗಂಟಲು ಹೋಗಿದೆ. ನಾನು ಮಲಗುತ್ತಿದ್ದ ಮಂಚದ ಕೆಳಗೆ, ಎರಡು ಮಹಡಿ ಮತ್ತು ಒಂದು ಚಪ್ಪಡಿಯ ಅಡಿಯಲ್ಲಿ ಒಂದು ಹೊಳೆ ಇತ್ತು ಅನ್ನುವುದು ಮಾತ್ರ ಎಂಟು ವರ್ಷ ನನಗೆ ಗೊತ್ತಾಗಲಿಲ್ಲ.

ಚಿಕ್ಕಬೈರಪ್ಪನವರಿಗೆ ಆಗ ಎಪ್ಪತ್ತೇಳು. ಕಡ್ಡಿಯಂಥ ಆಳು, ಬಿಳಿ ಪಂಚೆ, ಮೇಲೊಂದು ಬನಿಯನ್. ಮೊದಲನೇ ಮಹಡಿಯಲ್ಲಿ ಮಗ ರವಿಕಿರಣ್, ಸೊಸೆ, ಇಬ್ಬರು ಮೊಮ್ಮಕ್ಕಳು. ರವಿಕಿರಣ್‌ಗೆ ಮೇನ್ ರೋಡಿನಲ್ಲಿ ಪೇಂಟು, ಹಾರ್ಡ್‌ವೇರಿನ ಅಂಗಡಿ. ಅಷ್ಟು ದೊಡ್ಡ ಕಟ್ಟಡದ ಯಜಮಾನರು ಮಾತ್ರ ನೆಲಮಹಡಿಯ ಒಂದು ರೂಮಿನಲ್ಲಿ ಒಬ್ಬರೇ ಇರುತ್ತಿದ್ದರು. ಆ ರೂಮಿನ ಗೋಡೆ ಏಪ್ರಿಲ್‌ನಲ್ಲೂ ಒಣಗುತ್ತಿರಲಿಲ್ಲ. ಒಳಗೆ ಒಂದು ಮಂಚ, ಒಂದು ಟ್ರಂಕು, ಕೂರುವುದಕ್ಕೆ ನೆಲದಲ್ಲಿ ಹೂತ ಒಂದು ಮೋಟುಗಲ್ಲು. ಮುರಿದ ಒರಳೇನೋ ಅಂದುಕೊಂಡಿದ್ದೆ. ಜುಗ್ಗ ಮುದುಕ, ಒಂದು ಸ್ಟೂಲು ಕೊಳ್ಳಲೂ ಕೈ ಬರುವುದಿಲ್ಲ ಎಂದು ನಾನೂ ಪಕ್ಕದ ಮನೆ ಆಂಟಿಯೂ ಆಡಿಕೊಂಡು ನಕ್ಕಿದ್ದೇವೆ. ಅವರ ಇನ್ನೊಂದು ಅಭ್ಯಾಸ, ಹೊರಗಿನಿಂದ ಬಂದಾಗ ತಮ್ಮ ಚಪ್ಪಲಿಯನ್ನು ರೂಮಿನ ಬಾಗಿಲಲ್ಲಿ ಬಿಡುತ್ತಿರಲಿಲ್ಲ, ಗೇಟಿನ ಹತ್ತಿರವೇ ಬಿಟ್ಟು ಬರಿಗಾಲಲ್ಲಿ ಒಳಗೆ ಬರುತ್ತಿದ್ದರು. ನಾಯಿ ಕಚ್ಚಿಕೊಂಡು ಹೋದರೂ ಬುದ್ಧಿ ಬರಲಿಲ್ಲ.

ಒಂದು ದಿನ ಮಧ್ಯಾಹ್ನ ಮಳೆ ಸುರಿಯುತ್ತಿತ್ತು. ಮೋಟರ್ ಕೆಟ್ಟಿದೆ ಎಂದು ಹೇಳಲು ಕೆಳಗೆ ಹೋದೆ. ಟ್ರಂಕನ್ನು ಪಕ್ಕಕ್ಕೆ ಸರಿಸಿಕೊಂಡು ಮುದುಕರು ಆ ಕಲ್ಲಿನ ಮೇಲೆ ಕೂತಿದ್ದರು. ಟ್ರಂಕು ಇದ್ದ ಜಾಗದಲ್ಲಿ ಗೇಣಗಲದ ಒಂದು ತೂತು. ತೂತಿಗೆ ಹಾಕುವ ಮರದ ಬಿರಡೆ ತೊಡೆಯ ಮೇಲಿತ್ತು, ಕೈಯಲ್ಲಿ ಒಂದು ಉದ್ದನೆಯ ಬಿದಿರಿನ ಗಳು. ತೂತಿನೊಳಗೆ ಗಳು ಇಳಿಬಿಟ್ಟು ಏನನ್ನೋ ಕೆದಕುತ್ತಿದ್ದರು. ಮೋರಿ ಕಟ್ಟಿಕೊಂಡಿದೆ ಅಂದರು. ನಾನು ನಂಬಿದೆ. ಕಟ್ಟಿಕೊಳ್ಳದ ಮೋರಿ ಬೆಂಗಳೂರಿನಲ್ಲಿ ಎಲ್ಲಿದೆ.

ಉಳಿದದ್ದೆಲ್ಲ ಆಮೇಲೆ ಅವರೇ ನನಗೆ ಹೇಳಿದ್ದು. ಆದರೂ ಓದುವವರಿಗೆ ಗೋಜಲಾಗದಿರಲಿ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಚಿಕ್ಕಬೈರಪ್ಪ ಹುಣಸೇಮೇಡಿನ ಕೊನೆಯ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವ ಕೆಲಸ ಅವರ ಮನೆತನದ್ದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದರಲ್ಲಿ ನೀರುಗಂಟಿಯ ಮಾತೇ ಕೊನೆ, ಪಟೇಲರೂ ಎದುರಾಡುವಂತಿರಲಿಲ್ಲ. ಅಷ್ಟು ಅಧಿಕಾರ ಕೊಟ್ಟಿದ್ದಕ್ಕೆ ಕಟ್ಟುಪಾಡುಗಳೂ ಇದ್ದವು. ಕೆರೆಯ ನೀರು ಹರಿಯುವ ನೆಲದಲ್ಲಿ ನೀರುಗಂಟಿ ಮೆಟ್ಟು ಹಾಕುವಂತಿಲ್ಲ, ನೀರು ಎಲ್ಲಿ ಜಿನುಗುತ್ತಿದೆ ಎಲ್ಲಿ ನಿಂತಿದೆ ಅನ್ನುವುದು ಅಂಗಾಲಿಗೆ ತಿಳಿಯಬೇಕು. ಅವನ ಸ್ವಂತ ಗದ್ದೆಗೆ ನೀರು ಎಲ್ಲರದ್ದೂ ಆದಮೇಲೆ.

ಕೆರೆ ತುಂಬಿ ಕೋಡಿ ಬಿದ್ದ ನೀರು ಹೊಳೆಯಾಗಿ ಹರಿದು ಕೆಳಗಿನ ಬೂದಿಕುಂಟೆ ಎನ್ನುವ ಊರಿನ ಕೆರೆ ಸೇರುತ್ತಿತ್ತು. ಒಟ್ಟು ಒಂದೂವರೆ ಮೈಲಿ. ಉಕ್ಕಿ ಹರಿದಾಗ ಎಂಟು ಅಡಿ ಅಗಲ, ಬೇಸಿಗೆಯಲ್ಲಿ ದನಗಳು ಗೊರಸು ನೆನೆಯದೆ ದಾಟುತ್ತಿದ್ದವಂತೆ. ಆದರೂ ಎರಡೂ ಊರಿನವರು ಅದನ್ನು ಹಳ್ಳ ಅನ್ನಲಿಲ್ಲ, ಹೊಳೆ ಅಂದರು. ಅವರ ಹತ್ತಿರ ಇದ್ದದ್ದು ಅದೊಂದೇ.

ಹೆಸರಿನ ವಿಷಯಕ್ಕೆ ಬಂದರೆ, ನಾವು ಬೆಂಗಳೂರಿನಲ್ಲಿ ಕನಕಪುರ ರಸ್ತೆ ಅನ್ನುವುದನ್ನೇ ಕನಕಪುರದವರು ಬೆಂಗಳೂರು ರಸ್ತೆ ಅನ್ನುವುದಿಲ್ಲವೇ, ಇದೂ ಹಾಗೇ. ಹುಣಸೇಮೇಡಿನವರಿಗೆ ಅದು ಬೂದಿಕುಂಟೆ ಹೊಳೆ, ಯಾಕೆಂದರೆ ಬೂದಿಕುಂಟೆಗೆ ಹೋಗುತ್ತದೆ. ಬೂದಿಕುಂಟೆಯವರಿಗೆ ಹುಣಸೇಮೇಡಿನ ಹೊಳೆ, ಯಾಕೆಂದರೆ ಹುಣಸೇಮೇಡಿನಿಂದ ಬರುತ್ತದೆ. ತಮ್ಮ ಊರಿನ ಹೆಸರನ್ನು ತಾವೇ ಹೊಳೆಗೆ ಇಟ್ಟುಕೊಳ್ಳುವುದು ಎರಡೂ ಕಡೆ ಯಾರಿಗೂ ಹೊಳೆಯಲಿಲ್ಲ. ಸಂತೆಯಲ್ಲಿ ಸೇರಿದಾಗ ಇವರು ಒಂದು ಹೆಸರು, ಅವರು ಇನ್ನೊಂದು ಹೆಸರು ಹೇಳಿ ಒಂದೇ ಹೊಳೆಯ ಬಗ್ಗೆ ಮಾತಾಡಿ ಎದ್ದು ಹೋಗುತ್ತಿದ್ದರು. ಯಾವ ತೊಂದರೆಯೂ ಆಗಲಿಲ್ಲ.

ಎರಡೂರಿನ ನಡುವೆ ಹೊಳೆಯ ದಂಡೆಯಲ್ಲಿ ಒಂದು ಗಡಿಕಲ್ಲು. ಕಲ್ಲಿನ ಮೇಲಣ ನೀರಿನ ಮಾತು ಚಿಕ್ಕಬೈರಪ್ಪನವರದು, ಕೆಳಗಣ ನೀರಿನ ಮಾತು ಬೂದಿಕುಂಟೆಯ ನೀರುಗಂಟಿ ಮುನಿತಿಮ್ಮಯ್ಯನದು. ಕೆಳಗೆ ನೀರು ಬರದಿದ್ದರೆ ಮುನಿತಿಮ್ಮಯ್ಯ ಮೇಲೆ ಹತ್ತಿ ಬಂದು ಕೇಳುವಂತಿಲ್ಲ, ಕೂಗುವಂತಿಲ್ಲ. ಗಡಿಕಲ್ಲಿನ ಹತ್ತಿರ ಬಂದು ಸುಮ್ಮನೆ ನಿಲ್ಲಬೇಕು. ಅವನನ್ನು ಕಂಡ ತಕ್ಷಣ ಮೇಲಿನವರು ಕೈಯಲ್ಲಿದ್ದ ಕೆಲಸ ಬಿಟ್ಟು ಕಲ್ಲಿನ ಹತ್ತಿರ ಹೋಗಿ, ಎಷ್ಟೊತ್ತಾಯ್ತು ಬಂದು ಎಂದು ಕೇಳಬೇಕು. ಅರ್ಧ ದಿನ ನಿಂತಿದ್ದರೂ ಅವನು ಈಗ ತಾನೆ ಬಂದೆ ಅನ್ನಬೇಕು. ಆಮೇಲೆ ನೀರಿನ ಮಾತು. ಇಷ್ಟು ಮರ್ಯಾದೆಯಿಂದ ನೀರು ಕೇಳುವವರನ್ನು ನಾನಂತೂ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಕಂಡಿಲ್ಲ.

ಮೂವತ್ತೆರಡು ವರ್ಷದ ಹಿಂದೆ ಲೇಔಟ್ ಬಂತು. ಕೆರೆ ಒಣಗಿ ಆಟದ ಮೈದಾನವಾಯಿತು, ಗದ್ದೆಗಳು ಸೈಟಾದವು. ಚಿಕ್ಕಬೈರಪ್ಪನವರ ಪಾಲಿಗೆ ಉಳಿದದ್ದು ಗಡಿಕಲ್ಲಿನ ಪಕ್ಕದ ತುಂಡು ಜಾಗ, ಹೊಳೆ ಅದರ ನಟ್ಟನಡುವೆ. ಕೆರೆಯೇ ಹೋದ ಮೇಲೆ ಹೊಳೆ ಎಲ್ಲಿಯದು ಎಂದು ತಮಗೆ ತಾವೇ ಹೇಳಿಕೊಂಡರು. ಹೊಳೆಯ ಮೇಲೆ ಉದ್ದಕ್ಕೂ ಕಲ್ಲುಚಪ್ಪಡಿ ಹೊದಿಸಿ ಮನೆ ಕಟ್ಟಲು ಶುರುಮಾಡಿದರು. ಚಪ್ಪಡಿ ಇಳಿಸಿದ ದಿನ ಮುನಿತಿಮ್ಮಯ್ಯ ಬಂದು ಗಡಿಕಲ್ಲಿನ ಹತ್ತಿರ ನಿಂತ. ಚಿಕ್ಕಬೈರಪ್ಪ ಸಿಮೆಂಟ್ ಮೂಟೆಗಳ ಹಿಂದಿನಿಂದ ನೋಡಿದರು. ನೋಡಿ, ಹಿಂದಿನ ದಾರಿಯಿಂದ ಹೋಗಿ ಬಸ್ಸು ಹತ್ತಿ, ಲಾಲ್‌ಬಾಗಿನಲ್ಲಿ ಒಂದು ಮರದ ಕೆಳಗೆ ಸಂಜೆಯವರೆಗೆ ಕೂತರು. ವಾಪಸು ಬಂದಾಗ ಕಲ್ಲಿನ ಹತ್ತಿರ ಯಾರೂ ಇರಲಿಲ್ಲ. ಮುನಿತಿಮ್ಮಯ್ಯ ಆಮೇಲೆ ಆ ಮಾತು ಎತ್ತಲಿಲ್ಲ. ಎರಡು ವರ್ಷದಲ್ಲಿ ತೀರಿಕೊಂಡ.

ಅವರು ಮಾಡಿದ್ದು ತಪ್ಪು. ಸುತ್ತಿ ಬಳಸಿ ಹೇಳುವುದು ನನಗೆ ಆಗದ ಕೆಲಸ. ಆದರೆ ತಪ್ಪು ಮಾಡುವಾಗಲೂ ಅವರ ಕೈ ಒಂದು ಕಡೆ ತಡೆಯಿತು. ಮೇಸ್ತ್ರಿ ಗಡಿಕಲ್ಲು ಕೀಳಲು ಹಾರೆ ಎತ್ತಿದಾಗ ಬೇಡ ಅಂದರು. ಕಲ್ಲಿನ ಸುತ್ತ ರೂಮು ಕಟ್ಟಿಸಿ, ಪಕ್ಕದ ಚಪ್ಪಡಿಯಲ್ಲಿ ಒಂದು ತೂತು ಕೊರೆಸಿ, ತೂಬಿನ ಹಾಗೆ ಬಿರಡೆ ಮಾಡಿಸಿಕೊಂಡರು. ದಿನಾ ಬಿರಡೆ ತೆಗೆದು ನೋಡುವರು, ಪ್ಲಾಸ್ಟಿಕ್ಕು ಕಸ ಸಿಕ್ಕಿಕೊಂಡಿದ್ದರೆ ಗಳುವಿನಿಂದ ಬಿಡಿಸುವರು. ಮೂರು ಮಹಡಿಯ ಮನೆಯಲ್ಲಿ ಶೀತದ ರೂಮು ತಮಗೆ ಇಟ್ಟುಕೊಂಡಿದ್ದು ಅದಕ್ಕೆ. ಜುಗ್ಗ ಅಂದಿದ್ದಕ್ಕೆ ನನಗೆ ಈಗ ನಾಚಿಕೆಯಾಗುತ್ತದೆ.

ಹೊಳೆ ಮುಚ್ಚಿದ ಮೇಲೆ ಮಳೆನೀರಿಗೆ ದಾರಿ ಸಾಲದೆ, ಲೇಔಟಿನವರು ಅರವತ್ತು ಅಡಿ ಪೂರ್ವಕ್ಕೆ ಒಂದು ಮೋರಿ ತೋಡಿದರು. ಮೋರಿಗೂ ಈ ಕಟ್ಟಡಕ್ಕೂ ನಡುವೆ ಒಂದು ಗಲ್ಲಿ. ಮೋರಿಯ ಅಂಚಿನಲ್ಲಿ ಐದು ಸಣ್ಣ ಮನೆ. ಕೊನೆಯದು, ಇಳಿಜಾರಿನ ತುದಿಯದು, ಮರಿಯಮ್ಮನದು. ಮರಿಯಮ್ಮ ಮುನಿತಿಮ್ಮಯ್ಯನ ಹೆಂಡತಿ. ಎಪ್ಪತ್ತು ದಾಟಿದೆ, ಬೆಳಿಗ್ಗೆ ಬುಟ್ಟಿ ಹೊತ್ತು ಸೊಪ್ಪು ಮಾರುತ್ತಾಳೆ. ಮೂವತ್ತು ವರ್ಷದಲ್ಲಿ ಹಳಬರು ಸತ್ತರು, ಹೊಸಬರು ಬಂದರು. ಆ ಮೋರಿಯೇ ಹಳೆಯ ಹೊಳೆ ಎಂದು ಎಲ್ಲರೂ ತಿಳಿದುಕೊಂಡರು. ಹಾಗಲ್ಲ ಎಂದು ಹೇಳಬಲ್ಲ ಹಳಬರು ಇಬ್ಬರೇ ಉಳಿದಿದ್ದರು.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ನಮ್ಮ ಕಡೆಯ ಹತ್ತಾರು ರಸ್ತೆ ಮುಳುಗಿದವು. ಹಳೆಯ ಹೊಳೆ ಹಳ್ಳಗಳನ್ನೆಲ್ಲ ಹುಡುಕಿ ಬಿಡಿಸಬೇಕೆಂದು ಆಜ್ಞೆಯಾಯಿತು. ಯಾವುದೋ ಕಚೇರಿಯಲ್ಲಿ ಹಳೆಯ ಗ್ರಾಮನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿದರು. ಹುಣಸೇಮೇಡಿನ ನಕ್ಷೆಯ ಅಂಚಿನಲ್ಲಿ ಬೂದಿಕುಂಟೆ ಹೊಳೆ ಎಂದಿತ್ತು. ಬೂದಿಕುಂಟೆಯ ನಕ್ಷೆಯ ಅಂಚಿನಲ್ಲಿ ಹುಣಸೇಮೇಡಿನ ಹೊಳೆ ಎಂದಿತ್ತು. ನಕ್ಷೆ ಬರೆದುಕೊಂಡ ಪುಣ್ಯಾತ್ಮರು ಆಯಾ ಊರಿನವರು ಹೇಳಿದ್ದನ್ನು ಅಚ್ಚುಕಟ್ಟಾಗಿ ಬರೆದುಕೊಂಡಿದ್ದರು. ಜೋಡಿಸುವಾಗ ಒಂದು ನಕ್ಷೆ ಅರವತ್ತು ಅಡಿ ಪಕ್ಕಕ್ಕೆ ಸರಿದು, ಒಂದೇ ಹೊಳೆಯ ಗೆರೆ ಎರಡಾಗಿ ಬಿತ್ತು. ಹೆಸರು ಒಂದೇ ಆಗಿದ್ದರೆ ಗೆರೆಯೂ ಒಂದೇ ಎಂದು ಯಾರಿಗಾದರೂ ಅನ್ನಿಸುತ್ತಿತ್ತು. ಹೆಸರು ಬೇರೆ ಆದದ್ದರಿಂದ ಹೊಳೆಯೂ ಬೇರೆ ಎಂದು ತೀರ್ಮಾನವಾಯಿತು. ಒಂದು ಗೆರೆ ಚಿಕ್ಕಬೈರಪ್ಪನವರ ಕಟ್ಟಡದ ಮೇಲೆ ಹಾದುಹೋಯಿತು, ಇನ್ನೊಂದು ಮೋರಿಯ ಮೇಲೆ. ಎರಡೂ ಕಡೆ ಗೋಡೆಗಳಿಗೆ ಕೆಂಪು ಗುರುತು ಬಂತು.

ಒಂದು ಕೆರೆಯ ಕೋಡಿಯಿಂದ ಎರಡು ಹೊಳೆ ಹೇಗೆ ಹೊರಡುತ್ತವೆ ಎಂದು ಮೊದಲು ಅನುಮಾನಿಸಿದವಳು ಸರ್ವೆಗೆ ಬಂದ ದಾನಮ್ಮ. ವಿಜಯಪುರದ ಕಡೆಯ ಹುಡುಗಿ, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದಳು. ಎರಡರಲ್ಲಿ ಒಂದು ಗೆರೆ ಸುಳ್ಳು, ಸ್ಥಳದಲ್ಲೇ ವಿಚಾರಿಸಿ ಅದನ್ನು ಅಳಿಸುತ್ತೇನೆ ಎಂದು ಹೇಳಿ ಒಂದು ಶನಿವಾರ ಗೊತ್ತು ಮಾಡಿದಳು. ಅಲ್ಲಿಗೆ ಲೆಕ್ಕ ಸರಳವಾಯಿತು. ಮೋರಿಯೇ ಹೊಳೆ ಅಂದರೆ ಮರಿಯಮ್ಮನದೂ ಸೇರಿ ಐದು ಮನೆ ಬೀಳುತ್ತವೆ. ಹೊಳೆ ಕಟ್ಟಡದ ಕೆಳಗಿದೆ ಅಂದರೆ ಚಿಕ್ಕಬೈರಪ್ಪನವರದು ಬೀಳುತ್ತದೆ.

ರವಿಕಿರಣ್ ಧೈರ್ಯವಾಗಿದ್ದ. ಮೋರಿ ಕಣ್ಣೆದುರಿಗೆ ಹರಿಯುತ್ತಿದೆ, ನಮ್ಮನೆ ಕೆಳಗೆ ಏನಿದೆ ಎಂದು ಯಾರು ಬಗೆದು ನೋಡುತ್ತಾರೆ ಅನ್ನುತ್ತಿದ್ದ. ಅವನು ಕೆಟ್ಟವನಲ್ಲ. ಒಂದು ಸಂಜೆ ಕೆಳಗಿನ ರೂಮಿನ ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತು.

"ಅಪ್ಪಾ, ನೀನು ಸುಳ್ಳು ಹೇಳು ಅಂತಿಲ್ಲ ನಾನು. ಗೊತ್ತಿಲ್ಲ ಅನ್ನು, ಸಾಕು. ಇಬ್ರು ಹೆಣ್ಮಕ್ಳನ್ನ ಕರ್ಕೊಂಡು ನಾನೆಲ್ಲಿಗೆ ಹೋಗ್ಲಿ?"

ನಿಜ ಹೇಳಬೇಕೆಂದರೆ ನಾನೂ ರವಿಕಿರಣ್ ಪಕ್ಷದವಳೇ. ಆ ಮನೆಯಿಂದ ಸ್ಕೂಲಿಗೆ ಒಂದೇ ಬಸ್ಸು ಸಾಕಾಗುತ್ತಿತ್ತು.

ಮೋರಿ ಕಡೆಯ ನಾಲ್ಕು ಮನೆಯವರು ಮರಿಯಮ್ಮನ ಹಿಂದೆ ಬಿದ್ದರು. ನಿನಗೆ ಹಳೆಯದೆಲ್ಲ ಗೊತ್ತಲ್ಲ, ಬಂದು ಹೇಳು ಎಂದು ಕೇಳಿಕೊಂಡರು. ಆಕೆ ಒಪ್ಪಲಿಲ್ಲ. ಕಲ್ಲಿನಿಂದ ಆಚೆಯ ನೀರಿನ ಮಾತು ನಮ್ಮದಲ್ಲ ಎಂದಷ್ಟೇ ಹೇಳಿ ಕಳಿಸಿದಳು. ಅವರಿಗೆ ತಲೆಬುಡ ತಿಳಿಯಲಿಲ್ಲ. ಮುದುಕಿಗೆ ಅರಳುಮರಳು ಅಂದುಕೊಂಡರು.

ಮಾರನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಮರಿಯಮ್ಮ ಸೊಪ್ಪು ಮಾರಿ ಮುಗಿಸಿ ನಮ್ಮ ಗೇಟಿನ ಹೊರಗೆ ಬಂದು ನಿಂತಳು. ಖಾಲಿ ಬುಟ್ಟಿ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲಮಹಡಿಯ ಬಾಗಿಲ ಕಡೆ ಮುಖಮಾಡಿ. ಗೇಟು ತಟ್ಟಲಿಲ್ಲ, ಯಾರನ್ನೂ ಕರೆಯಲಿಲ್ಲ. ಹತ್ತು ಗಂಟೆಗೆ ಬುಟ್ಟಿ ಎತ್ತಿಕೊಂಡು ಹೋದಳು. ಮರುದಿನವೂ ಬಂದಳು. ದಸರಾ ರಜೆ, ನಾನು ಮನೆಯಲ್ಲೇ ಇದ್ದೆ. ಸುಸ್ತಾಗಿ ನಿಂತಿದ್ದಾಳೆ ಅಂದುಕೊಂಡು ಒಂದು ಲೋಟ ನೀರು ತಂದುಕೊಟ್ಟೆ. ಕುಡಿದು, ಒಳ್ಳೇದಾಗ್ಲಿ ಕಣವ್ವ ಅಂದು, ಮತ್ತೆ ಹಾಗೇ ನಿಂತಳು. ಹೀಗೆ ಹದಿನಾರು ದಿನ. ಚಿಕ್ಕಬೈರಪ್ಪನವರ ಚಪ್ಪಲಿ ಗೇಟಿನ ಹತ್ತಿರ, ಮರಿಯಮ್ಮನೂ ಗೇಟಿನ ಹತ್ತಿರ. ಆ ಹದಿನಾರು ದಿನ ಮುದುಕರು ಹೊರಗೆ ಬರಲಿಲ್ಲ. ಬೀಡಿ ಬೇಕಾದರೂ ಮೊಮ್ಮಗಳ ಕೈಲಿ ತರಿಸಿಕೊಂಡರು.

ಹದಿನೇಳನೆಯ ದಿನವೇ ಆ ಶನಿವಾರ. ದಾನಮ್ಮ ಬಂದು ಮೋರಿಯ ದಡದಲ್ಲಿ ಮುಕ್ಕಾಲಿಯ ಮೇಲೆ ಯಂತ್ರ ನಿಲ್ಲಿಸಿದಳು. ರವಿಕಿರಣ್ ಎಳನೀರು ತರಿಸಿದ. ಗಲ್ಲಿಯವರೆಲ್ಲ ಸೇರಿದ್ದರು. ಇದನ್ನು ಹೊಳೆ ಅನ್ನುತ್ತಾರೆ ಎಂದು ಕೇಳಿ ದಾನಮ್ಮನಿಗೆ ನಗು ಬಂತು. ಅವಳ ಊರಿನಲ್ಲಿ ಹೊಳೆ ಅಂದರೆ ಭೀಮಾನದಿಯಂತೆ, ಇಂಥದ್ದಕ್ಕೆ ಹಳ್ಳ ಅನ್ನುವುದೂ ಹೆಚ್ಚಾಯಿತಂತೆ. ಆಮೇಲೆ ಕಾಗದ ತೆಗೆದು, ಇಲ್ಲಿ ಎಲ್ಲರಿಗಿಂತ ಹಿರಿಯರು ಯಾರು ಎಂದು ಕೇಳಿದಳು. ಎಲ್ಲರೂ ನೆಲಮಹಡಿಯ ಬಾಗಿಲು ನೋಡಿದರು. ಗೇಟಿನ ಹೊರಗೆ ಮರಿಯಮ್ಮ ದಿನದಂತೆ ನಿಂತಿದ್ದಳು.

ಬಾಗಿಲು ತೆರೆಯಿತು. ಚಿಕ್ಕಬೈರಪ್ಪ ಬರಿಗಾಲಲ್ಲಿ ಹೊರಗೆ ಬಂದರು. ರವಿಕಿರಣ್ ಒಂದು ಹೆಜ್ಜೆ ಮುಂದೆ ಬಂದು ಅಪ್ಪಾ ಅಂದ. ಅವರು ಅವನನ್ನು ದಾಟಿದರು, ದಾನಮ್ಮನನ್ನೂ ದಾಟಿದರು. ಗೇಟು ತೆಗೆದು ಮರಿಯಮ್ಮನ ಎದುರು ನಿಂತರು.

"ಎಷ್ಟೊತ್ತಾಯ್ತವ್ವ ಬಂದು?" ಅಂದರು.

"ಈಗ್ತಾನೆ ಬಂದೆ ಕಣಣ್ಣ," ಅಂದಳು ಮರಿಯಮ್ಮ.

ಅಷ್ಟೇ. ಸುತ್ತ ನಿಂತವರಿಗೆ ಏನೂ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಹದಿನೇಳು ದಿನ ನಿಂತವಳು ಈಗ ತಾನೆ ಬಂದೆ ಅನ್ನುತ್ತಾಳಲ್ಲ ಎಂದು ಆಶ್ಚರ್ಯಪಟ್ಟೆ. ಆ ಪ್ರಶ್ನೆ ಕೇಳಿ ಆ ಉತ್ತರ ಪಡೆಯಲು ಅವರಿಗೆ ಮೂವತ್ತು ವರ್ಷ ಹಿಡಿದಿತ್ತು ಎಂದು ತಿಳಿದಾಗ, ಮೂರು ತಿಂಗಳ ಮೇಲೆ, ನಾನು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತಿದ್ದೇನೆ.

ಅವರು ದಾನಮ್ಮನನ್ನು ಒಳಗೆ ಕರೆದುಕೊಂಡು ಹೋದರು. ಮರಿಯಮ್ಮನೂ ಹೋದಳು, ಹಿಂದೆ ನಾವೆಲ್ಲ ಬಾಗಿಲಲ್ಲಿ ಕಿಕ್ಕಿರಿದೆವು. ಟ್ರಂಕು ಸರಿಸಿ ಬಿರಡೆ ಎತ್ತಿದರು. ಕೆಳಗೆ ನೀರು ಹರಿಯುವ ಸದ್ದು ರೂಮಿಗೆಲ್ಲ ಕೇಳಿಸಿತು. ಆಮೇಲೆ ಪಂಚೆಯ ತುದಿಯಿಂದ ಆ ಮೋಟುಗಲ್ಲಿನ ತಲೆ ಒರೆಸಿದರು. ಅದರ ಮೇಲೆ ಗುಣಾಕಾರದ ಗುರುತು ಕೆತ್ತಿತ್ತು. ನಾವು ಒರಳು ಅಂದುಕೊಂಡಿದ್ದನ್ನು ನೋಡಿ ದಾನಮ್ಮ ಮಂಡಿಯೂರಿ ಕೂತಳು. ಅವಳಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

"ಎರಡೂರಿನ ಗಡಿಕಲ್ಲು ಇದು," ಅಂದರು ಚಿಕ್ಕಬೈರಪ್ಪ. "ಹೊಳೆ ಇದರ ಪಕ್ಕದಲ್ಲೇ. ಇದೊಂದೇ ಇರೋದು. ಮುಚ್ಚಿದ್ದು ನಾನು."

ಹೊರಗೆ ರವಿಕಿರಣ್ ಸ್ಕೂಟರ್ ಸ್ಟಾರ್ಟ್ ಮಾಡಿ ಹೋದದ್ದು ಕೇಳಿಸಿತು.

ದಾನಮ್ಮ ಒಂದು ಗಂಟೆ ಅಳತೆ ಮಾಡಿದಳು. ಕೊನೆಗೆ ಕಾಗದದಲ್ಲಿ ಹೊಳೆಯ ಹೆಸರು ಎಂದಿದ್ದ ಕಡೆ ಪೆನ್ನು ಇಟ್ಟು ಕೇಳಿದಳು. ಬೂದಿಕುಂಟೆ ಹೊಳೆ ಅಂದರು ಚಿಕ್ಕಬೈರಪ್ಪ. ಹುಣಸೇಮೇಡಿನ ಹೊಳೆ ಅಂದಳು ಮರಿಯಮ್ಮ. ಇಬ್ಬರೂ ಒಬ್ಬರನ್ನೊಬ್ಬರು ತಿದ್ದಲಿಲ್ಲ.

"ಅಜ್ಜಾರ, ಒಂದ ಹೊಳಿಗೆ ಒಂದ ಹೆಸರು ಬೇಕ್ರೀ," ಅಂದಳು ದಾನಮ್ಮ. "ಎರಡು ಬರದದ್ದಕ್ಕ ಇಷ್ಟೆಲ್ಲಾ ಆಗೇತಿ."

ಮರಿಯಮ್ಮ ಯೋಚಿಸಿದ್ದು ಒಂದು ಕ್ಷಣ ಮಾತ್ರ. "ಎಲ್ಲಿಂದ ಬರ್ತದೋ ಅದೇ ಹೆಸ್ರು ನಮ್ಗೆ. ಈಗ ಹುಣಸೇಮೇಡೂ ಇಲ್ಲ, ಕೆರೇನೂ ಇಲ್ಲ. ಚಿಕ್ಕಬೈರಪ್ಪನ ಹೊಳೆ ಅಂತ ಬರ್ಕೊಳವ್ವ."

ದಾನಮ್ಮ ಮುದುಕರ ಮುಖ ನೋಡಿದಳು. ಅವರು ಬಿರಡೆ ಒರೆಸುತ್ತಿದ್ದರು, ತಲೆ ಎತ್ತಲಿಲ್ಲ. ಅವಳು ಬರೆದುಕೊಂಡಳು.

ಎರಡು ತಿಂಗಳಿಗೆ ನೋಟೀಸು ಬಂತು. ಚಿಕ್ಕಬೈರಪ್ಪನ ಹೊಳೆಯ ಪಾತ್ರದಲ್ಲಿ ಚಿಕ್ಕಬೈರಪ್ಪ ಎಂಬುವರು ಕಟ್ಟಡ ಕಟ್ಟಿದ್ದು, ಅದನ್ನು ತೆರವು ಮಾಡತಕ್ಕದ್ದು ಎಂದಿತ್ತು. ಟೈಪು ಮಾಡಿದವರಿಗೆ ಏನೂ ಅನ್ನಿಸಿರಲಿಕ್ಕಿಲ್ಲ. ಮಾರ್ಚಿ ತಿಂಗಳಲ್ಲಿ ಕಟ್ಟಡ ಒಡೆದರು. ಚಪ್ಪಡಿಗಳನ್ನು ಎಬ್ಬಿಸಿ ಎರಡೂ ಕಡೆ ಕಲ್ಲು ಕಟ್ಟಿದರು. ಗಡಿಕಲ್ಲು ಈಗ ದಂಡೆಯ ಮೇಲೆ ಬಿಸಿಲಿನಲ್ಲಿದೆ. ರವಿಕಿರಣ್ ಮಡಿವಾಳದ ಕಡೆ ಮನೆ ಮಾಡಿದ, ಅಪ್ಪನ ಜೊತೆ ಮಾತು ಬಿಟ್ಟಿದ್ದಾನೆ. ನಾನು ಸಿದ್ದಾಪುರಕ್ಕೆ ಬಂದೆ. ಸ್ಕೂಲಿಗೆ ನಡೆದೇ ಹೋಗಬಹುದು, ದೂರುವ ಹಾಗಿಲ್ಲ.

ಚಿಕ್ಕಬೈರಪ್ಪ ಈಗ ಜೆಪಿ ನಗರದಲ್ಲಿ ಮಗಳು ಸೌಮ್ಯಳ ಫ್ಲಾಟಿನಲ್ಲಿದ್ದಾರೆ, ಐದನೇ ಮಹಡಿ. ಕಳೆದ ತಿಂಗಳು ನೋಡಲು ಹೋಗಿದ್ದೆ. ಬಾಗಿಲು ತೆಗೆದವರ ಕಾಲಿನಲ್ಲಿ ಚಪ್ಪಲಿ ಇತ್ತು, ಮನೆಯೊಳಗೇ. ನಾನು ನೋಡಿದ್ದನ್ನು ನೋಡಿ, ಇಲ್ಲಿ ಹಾಕಿದ್ರೂ ತಪ್ಪಿಲ್ಲ, ಕೆಳಗೆ ನೀರಿಲ್ಲ ಅಂದರು. ಕಾಫಿ ಕುಡಿದೆವು. ಮಗ ಫೋನ್ ಮಾಡುತ್ತಾನಾ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಹೊರಡಲು ಎದ್ದಾಗ ಬಾಗಿಲವರೆಗೆ ಬಂದರು.

"ಟೀಚರಮ್ಮ, ಆ ಕಡೆ ಹೋಗಿದ್ರಾ?"

ಭಾನುವಾರ ಹೋಗಿದ್ದೆ ಅಂದೆ.

"ಮರಿಯಮ್ಮನ ಹೊಳೇಲಿ ನೀರು ಹೋಗ್ತಿದ್ಯಾ?"

ಯಾವ ಹೊಳೆ ಎಂದು ನಾನು ಕೇಳಲಿಲ್ಲ. ಮೇಲಿನೂರಿನವರು ಹೊಳೆಗೆ ಅದು ಹೋಗಿ ಸೇರುವ ಕಡೆಯ ಹೆಸರು ಇಡುತ್ತಾರೆ. ಹೋಗ್ತಿದೆ ಅಂದೆ. ಅದರಲ್ಲಿ ಸೋಪಿನ ನೊರೆ ಇತ್ತು ಎನ್ನುವುದನ್ನು ಹೇಳಲಿಲ್ಲ.